ಕಿಟಕಿಗೆ ಆನಿಸಿಟ್ಟ ಕೋಲು

ಇದನ್ನು ಹೇಳಿಬಿಡಬೇಕೆಂದು ಬಹಳ ದಿನಗಳಿಂದ ಅಂದುಕೊಳ್ಳುತ್ತಿದ್ದೇನೆ. ಅಮಾವಾಸ್ಯೆ ಕಳೆಯಲಿ ಎಂದೆ, ಕಳೆಯಿತು. ಹಬ್ಬ ಮುಗಿಯಲಿ ಎಂದೆ, ಅದೂ ಮುಗಿಯಿತು. ವ್ಯಾಯಾಮವನ್ನೂ ನಾನು ಹೀಗೆಯೇ ಮುಂದೂಡುತ್ತಾ ಬಂದವನು. ಒಳ್ಳೆಯ ಕೆಲಸವನ್ನು ನಾಳೆಗೆ ಇಡುವುದರಲ್ಲಿ ನಮ್ಮ ನ್ಯಾಮತಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಊರು ತಾಲ್ಲೂಕು ಆದ ಮೇಲೆ ಪೈಪೋಟಿ ಸ್ವಲ್ಪ ಹೆಚ್ಚಿದೆ, ಅಷ್ಟೆ.

ಎಸ್ಸೆಸ್ಸೆಲ್ಸಿ ಮುಗಿಸಿ ಗೊಬ್ಬರದ ಅಂಗಡಿಯ ಕುರ್ಚಿಯಲ್ಲಿ ಕೂತವನು ನಾನು. ಚೀಲ ಎತ್ತುವವರು ಬೇರೆ ಇದ್ದರು; ನಾನು “ಎತ್ರಪ್ಪಾ” ಅನ್ನುವವನು. ಆ ಒಂದು ಮಾತಿನಿಂದ ದವಡೆಗೆ ಆದಷ್ಟೇ ನನ್ನ ವ್ಯಾಯಾಮ. ಈಗ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ, ಹೊಟ್ಟೆಯನ್ನು ನಾನು. ಸಕ್ಕರೆ ಕಾಯಿಲೆ ಬಂದಾಗ ಹೊನ್ನಾಳಿಯ ಡಾಕ್ಟರಮ್ಮ, “ಯಜಮಾನ್ರೆ, ಬೆಳಿಗ್ಗೆ ಎದ್ದು ನಡೀರಿ, ಬೇರೇನೂ ಬ್ಯಾಡ” ಎಂದರು. ಪಾಪ, ಅವರು ದೊಡ್ಡ ಊರಿನಲ್ಲಿ ಓದಿದವರು. ನಮ್ಮ ಕಡೆ ನಡೆಯುವುದೊಂದನ್ನು ಬಿಟ್ಟು ಬೇರೇನನ್ನಾದರೂ ಮಾಡಬಹುದು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಯಾಕೆಂದರೆ, ಗುರುತಿನ ಮನುಷ್ಯ ನಡೆದು ಹೋಗುವುದನ್ನು ನೋಡಿಯೂ ಬೈಕು ನಿಲ್ಲಿಸದೆ ಹೋಗುವುದು ನಮ್ಮಲ್ಲಿ ಅವಮರ್ಯಾದೆ. ನಿಲ್ಲಿಸಿದ ಬೈಕನ್ನು ಹತ್ತದಿರುವುದು ಅದಕ್ಕಿಂತ ದೊಡ್ಡ ಅವಮರ್ಯಾದೆ. ನಾನು ಕ್ಯಾನ್ವಾಸ್ ಶೂ ಹಾಕಿಕೊಂಡು, ಪಂಚೆ ಎತ್ತಿಕಟ್ಟಿ ಹೊರಟೆ. ಹತ್ತು ಹೆಜ್ಜೆ ಹಾಕುವುದರಲ್ಲಿ ಪಕ್ಕದಲ್ಲಿ ಬ್ರೇಕಿನ ಸದ್ದು.

“ಯಾಕ್ರೀ ಸಾವ್ಕಾರ್ರೆ, ನಡ್ಕಂಡು ಹೊಂಟೀರಿ? ಗಾಡಿ ಕೆಟ್ಟೈತೇನು? ಹತ್ರೀ.”

“ಇಲ್ಲಪ್ಪಾ, ಸುಮ್ನೆ ನಡಿಯಾಕೆ ಬಂದೀನಿ.”

“ಸುಮ್ನೆ ಯಾರ್ ನಡೀತಾರ್ರೀ? ಮನೇಲಿ ಏನಾರ ಮಾತಾತೇನು? ಹತ್ರಿ, ಹತ್ರಿ.”

ಹತ್ತದಿದ್ದರೆ ಮನೆಯಲ್ಲಿ ಜಗಳವಾಗಿದೆ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಹತ್ತಿದೆ. ಬೈಕು ನೇರವಾಗಿ ಬಸ್‌ಸ್ಟ್ಯಾಂಡಿನ ಹೋಟೆಲಿನ ಮುಂದೆ ನಿಂತಿತು. ಕರೆತಂದವನ ಮರ್ಯಾದೆಗೆ ಮಂಡಕ್ಕಿ, ಮಿರ್ಚಿ, ಟೀ. ವಾಪಸ್ಸು ಇನ್ನೊಬ್ಬರ ಬೈಕು. ಹೀಗೆ ನನ್ನ ವಾಯುವಿಹಾರದಲ್ಲಿ ಮೈ ಮೊದಲಿಗಿಂತ ಚೆನ್ನಾಗಿ ತುಂಬಿಕೊಂಡಿತು. ತಪ್ಪಿಸಿಕೊಳ್ಳಲು ಕೇರಿಯೊಳಗಿನ ದಾರಿ ಹಿಡಿದೆ. ಕಂಡವರಿಗೆಲ್ಲ ನಮಸ್ಕಾರ ಹೇಳುತ್ತಾ ಮನೆಮನೆಯ ಮುಂದೆ ಹಾದು ಹೋಗುವವನನ್ನು ನಮ್ಮ ಜನ ಒಂದೇ ರೀತಿಯಲ್ಲಿ ಅರ್ಥ ಮಾಡಿಕೊಳ್ಳುತ್ತಾರೆ. “ಈ ಸಲ ಎಲೆಕ್ಷನ್ನಿಗೆ ನಿಲ್ತೀರಂತಲ್ರೀ?” ಎಂದು ನಾಲ್ಕು ಜನ ಕೇಳಿದರು. ಐದನೆಯವರು ತಮ್ಮ ಮನೆ ಮುಂದಿನ ಚರಂಡಿ ತೋರಿಸಿದರು. ಅಲ್ಲಿಗೆ ಅದನ್ನೂ ಬಿಟ್ಟೆ.

ಇಷ್ಟನ್ನು ನಾನು ಎಲ್ಲರಿಗೂ ಹೇಳಿ ನಗಿಸಿದ್ದೇನೆ. ಹೇಳದೆ ಉಳಿಸಿಕೊಂಡದ್ದು ಮುಂದಿನದು.

ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ನನಗಿಂತ ಮೊದಲೇ ಬಂದಿತ್ತು. ಅವಳು ಶೂ ಹಾಕಲಿಲ್ಲ, ರಸ್ತೆಗೆ ಇಳಿಯಲಿಲ್ಲ. ಕೇರಿಯ ಹೆಂಗಸರನ್ನು ಸೇರಿಸಿಕೊಂಡು ಸಂಜೆ ಹೊತ್ತು ಗುಡಿಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕೋಲಾಟ ಶುರು ಮಾಡಿದಳು. ಅವರಲ್ಲಿ ಯಾರ ಮೈಯೂ ಹಗುರವಲ್ಲ. ಗೋಡೆ ಹಿಡಿಯದೆ ಎದ್ದು ನಿಲ್ಲಬಲ್ಲವರು ಕಡಿಮೆ. ಮೊದಮೊದಲು ಕೋಲಿಗೆ ಕೋಲು ತಾಗುವುದಕ್ಕಿಂತ ಬೆರಳಿಗೆ ತಾಗಿದ್ದೇ ಹೆಚ್ಚು. ಹಾಡು ಹೇಳಿಕೊಡುವವಳು ಇವಳು. ಹುಡುಗಿಯಾಗಿದ್ದಾಗ ತವರಾದ ಉಬ್ರಾಣಿಯಲ್ಲಿ ಕಲಿತ ಹಾಡುಗಳು ಒಂದೊಂದಾಗಿ ಹೊರಗೆ ಬಂದವು. ಮನೆಗೆ ಬರುವಾಗ ಬೆವರಿ ಒದ್ದೆಯಾಗಿರುತ್ತಿದ್ದಳು, ಮುಖ ಕೆಂಪಗಿರುತ್ತಿತ್ತು, ರೊಟ್ಟಿ ಬಡಿಯುವ ಸದ್ದೂ ತಾಳಕ್ಕೆ ಬೀಳುತ್ತಿತ್ತು. ಡಾಕ್ಟರಮ್ಮ, “ಏನ್ರೀ ಅಮ್ಮಾ, ಸಕ್ಕರೆ ಇಳಿದೈತಲ್ಲ!” ಎಂದು ಬೆರಗಾದರು. ನಾನು ಮಾತ್ರ ಅದನ್ನು ವ್ಯಾಯಾಮವೆಂದು ಒಪ್ಪಲಿಲ್ಲ. ನಗುತ್ತಾ ಮಾಡುವುದು ವ್ಯಾಯಾಮ ಹೇಗಾದೀತು? ಔಷಧಿ ಕಹಿಯಾಗಿರಬೇಕು ಎಂದು ನಂಬಿದ ಕಾಲದವನು ನಾನು.

ಹೊಟ್ಟೆಕಿಚ್ಚು ಎಂದರೂ ತಪ್ಪಿಲ್ಲ. ಒಂದು ದಿನ ಹೋಟೆಲಿನಲ್ಲಿ ಯಾರೋ, “ಅಮ್ಮಾರು ಕೋಲಾಟ ಆಡ್ತಾರಂತಲ್ರೀ?” ಎಂದು ಕೇಳಿದರು. ಗೌರವದಿಂದಲೇ ಕೇಳಿದ್ದರು. ನಾನು ಮಿರ್ಚಿ ಮುರಿಯುತ್ತಾ ಹೇಳಿದೆ: “ಹೂಂ ಕಣಪ್ಪಾ. ಅಡಿಕೆ ಸುಲಿಯೋ ಮಷೀನು ಬಂತೇನೋ ಅಂತ ಹೊರಗೆ ಬಂದು ನೋಡ್ತೀನಿ, ನಮ್ಮ ಮನೆಯಾಕೆ! ಗುಡಿ ಮುಂದಿನ ಕಲ್ಲು ಒಡೆದ್ರೆ ದೇವ್ರು ನನ್ನ ಹತ್ರಾನೆ ಹೊಸಾದು ಕೇಳ್ತಾನೆ.”

ಇಡೀ ಹೋಟೆಲು ನಕ್ಕಿತು. ಅಷ್ಟು ಜನರನ್ನು ಒಟ್ಟಿಗೆ ನಗಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಖುಷಿಗೆ ಇನ್ನೊಂದು ಪ್ಲೇಟು ಹೇಳಿದೆ. ಆ ದಿನ ಏಕೋ ನಡೆದೇ ಮನೆಗೆ ಬಂದೆ. ಮಾತು ಬೈಕಿನಲ್ಲಿ ಬಂದು ನನಗಿಂತ ಮೊದಲು ಕೇರಿ ಮುಟ್ಟಿತ್ತು.

ಮಾರನೆಯ ಸಂಜೆ ಹೆಂಗಸರು ಗುಡಿಯ ಕಡೆ ಹೊರಟಾಗ ಕಟ್ಟೆಯ ಮೇಲೆ ಕೂತವರು, “ಮಷೀನ್ ಬಂತು, ದಾರಿ ಬಿಡ್ರಪ್ಪೋ” ಅಂದರಂತೆ. ಇವಳು ಹೋದಷ್ಟೇ ಬೇಗ ವಾಪಸ್ಸು ಬಂದಳು. “ಹೋಟ್ಲಲ್ಲಿ ಹಂಗಂದೋರು ನೀವೇನಾ?” ಎಂದು ಕೇಳಿದಳು.

“ತಮಾಷೆಗೆ ಅಂದೆ ಕಣೇ.”

“ಹೌದಾ” ಎಂದಳು. ನಮ್ಮ ಪಡಸಾಲೆಯ ಕಿಟಕಿಗೆ ಕೊಂಡಿ ಮುರಿದಿತ್ತು, ಗಾಳಿಗೆ ಬಡಿದುಕೊಳ್ಳುತ್ತಿತ್ತು. ಒಂದು ಕೋಲನ್ನು ಅದಕ್ಕೆ ಆನಿಸಿಟ್ಟಳು. ಇನ್ನೊಂದು ಅಡುಗೆಮನೆಯಲ್ಲಿ ಬೆಕ್ಕು ಓಡಿಸಲು ಹೋಯಿತು. ಹಾಡು ಹೇಳುವವಳೇ ಇಲ್ಲದ ಮೇಲೆ ಉಳಿದವರೂ ಬಿಟ್ಟರು. ಕಿಟಕಿ ಮಾತ್ರ ಅಂದಿನಿಂದ ಗಟ್ಟಿಯಾಗಿ ನಿಂತಿತು.

ವರ್ಷಗಳು ಹೋದವು. ಒಂದೆರಡು ತಿಂಗಳ ಹಿಂದೆ ಇಬ್ಬರೂ ಹೊನ್ನಾಳಿಗೆ ಹೋಗಿದ್ದೆವು. ಬಸ್ಸಿಳಿದು ಆಸ್ಪತ್ರೆಯವರೆಗೆ ನಡೆದ ಮೇಲೆ ನೋಡಿದರೆ ಅವಳ ಒಂದು ಕಾಲಿನಲ್ಲಿ ಚಪ್ಪಲಿಯೇ ಇಲ್ಲ. ಎಲ್ಲಿ ಕಳಚಿತೋ ಅವಳಿಗೆ ಗೊತ್ತಿರಲಿಲ್ಲ. ಪಾದಕ್ಕೆ ಸ್ಪರ್ಶವೇ ಹೋಗಿತ್ತು. ಡಾಕ್ಟರಮ್ಮ ಪಾದ ಮುಟ್ಟಿ ಮುಟ್ಟಿ ನೋಡಿ, “ಅಮ್ಮಾ, ಹಿಂಗೇ ಕೂತ್ರೆ ಕಾಲಿಗೇ ಕುತ್ತು ಬರ್ತದೆ. ಮೈ ಆಡಿಸ್ಲೇಬೇಕು. ಖುಷಿ ಇಲ್ಲದ್ದು ನಾಲ್ಕು ದಿನ ನಡಿಯಲ್ಲ, ನಿಮಗೆ ಖುಷಿ ಆಗೋದು ಏನೈತೆ ಹೇಳ್ರಿ, ಅದನ್ನೇ ಮಾಡಾಣ” ಎಂದರು.

ಇವಳು, “ಏನೂ ಇಲ್ರೀ” ಎಂದಳು. ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಚೇತರಿಸಿಕೊಂಡಿರುತ್ತಿದ್ದೆ.

ಮನೆಗೆ ಬಂದವನೇ ಬೆಕ್ಕಿನ ಕೋಲು ತಂದೆ, ಕಿಟಕಿಯದನ್ನೂ ಎಳೆದೆ. ಕಿಟಕಿ ಧಡಾರೆಂದು ಬಡಿಯಿತು. ಎರಡು ಕೈಯಲ್ಲಿ ಎರಡು ಕೋಲು ಹಿಡಿದು, “ಏಳು, ಆಡಾಣ” ಎಂದೆ.

“ಯಾರಿಗೆ ಹೇಳ್ತಿದೀರಿ?”

“ನಿಂಗೇ ಕಣೇ.”

“ನಂಗೆ ಹಾಡೆಲ್ಲ ಮರ್ತೋಗೈತೆ. ಆ ಕೋಲು ಅಲ್ಲೇ ಇಡ್ರಿ, ಗಾಜು ಒಡೀತೈತೆ.”

ತಪ್ಪಾಯಿತು ಎಂಬ ಮಾತು ಗಂಟಲಿನವರೆಗೆ ಬಂತು. ನನ್ನ ಮೈಯಲ್ಲಿ ಯಾವುದೂ ಅಷ್ಟು ಮೇಲಕ್ಕೆ ಬಂದು ಅಭ್ಯಾಸವಿಲ್ಲ, ವಾಪಸ್ಸು ಇಳಿಯಿತು. ಕೋಲು ಕಿಟಕಿಗೆ ಹೋಯಿತು. ಈಗ ಮಧ್ಯಾಹ್ನ ಅವಳು ಮಲಗಿದಾಗ ನಾನೊಬ್ಬನೇ ಹಿತ್ತಲಿನಲ್ಲಿ ಆ ಎರಡು ಕೋಲು ಬಡಿಯುತ್ತೇನೆ. ಹಾಡಿಲ್ಲದೆ ಬಡಿದರೆ ಬೇಗ ದಮ್ಮು ಹತ್ತುತ್ತದೆ. ನಿನ್ನೆ ಬೈಕಿನವನೊಬ್ಬ ಕಾಂಪೌಂಡಿನಾಚೆ ನಿಲ್ಲಿಸಿ, “ಸಾವ್ಕಾರ್ರೆ, ಹಾವು ಬಂತೇನ್ರೀ? ನಾನೂ ಬರ್ಲಾ?” ಎಂದ. ಕಿಟಕಿ ಬಡಿದುಕೊಳ್ಳುತ್ತಿತ್ತು, ಅವಳಿಗೆ ಎಚ್ಚರವಾಗಿರಲೇಬೇಕು.

ಊರ ಮುಂದೆ ನಗಿಸಿದವನು ಊರ ಮುಂದೆಯೇ ತಪ್ಪೊಪ್ಪಿಕೊಳ್ಳಬೇಕು. ಹೋಟೆಲಿನವರೆಗೆ ಬೈಕಿನವರು ಬಿಡುತ್ತಾರೆ, ಒಳಗೆ ಬಾಯಿ ಬಿಡುವುದು ನನ್ನಿಂದಾಗದು. ಅದಕ್ಕೇ ಕೂತಲ್ಲೇ ಬರೆದಿದ್ದೇನೆ. ಇದಕ್ಕೂ ಮೈ ಬಗ್ಗಿಸಬೇಕಾಗಿಲ್ಲ. ಅವಳಿಗೆ ಇದನ್ನು ಓದಲು ಕನ್ನಡಕ ಬೇಕು, ಅದು ಒಳಗಿನ ಗೂಡಿನಲ್ಲಿದೆ, ತಂದುಕೊಡಲು ನಾನು ಏಳಬೇಕು. ಎದ್ದ ಮೇಲೆ ಕರೆಯಲೂ ಬೇಕು. ಮದುವೆಯ ದಿನ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಹೆಂಡತಿಯ ಹೆಸರು ಹೇಳಿಸಿದ್ದರು. ಆಮೇಲೆ ‘ಕಣೇ’, ‘ಇವಳೇ’ ಎಂಬುದರಲ್ಲೇ ಆಯಸ್ಸು ಕಳೆದೆ. ಯಾರಿಗೆ ಹೇಳುತ್ತಿದ್ದೀರಿ ಎಂದು ಅವಳು ಕೇಳಿದ್ದು ಸರಿಯಾಗಿಯೇ ಇದೆ.

ಗೌರಮ್ಮ, ನಿನಗೆ.