ಗಂಟಿಲ್ಲದ ಆನೆ

ನಾನು ಕಸೂತಿ ಹಾಕುವ ಗಂಡಸು. ನಗುವವರು ಈಗಲೇ ನಕ್ಕು ಮುಗಿಸಿ, ಕಾಯುತ್ತೇನೆ. ಮೀಸೆ ಇದ್ದವನು ಸೂಜಿ ಹಿಡಿಯಬಾರದೆಂದು ಯಾವ ಶಾಸ್ತ್ರದಲ್ಲಿದೆ? ಪೇಟೆಯ ದರ್ಜಿಗಳೆಲ್ಲ ಗಂಡಸರೇ ತಾನೆ? ಅವರು ದುಡ್ಡಿಗೆ ಹೊಲಿದರೆ ಅದು ಕಸುಬು, ನಾನು ಸಂತೋಷಕ್ಕೆ ಹೊಲಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ!

ತೊಂಬತ್ತರ ದಶಕದ ಮಾತು. ನಾವಾಗ ಬೊಮ್ಮನಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಹೊಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಪೊಲೀಸ್ ಅಲ್ಲ, ಬಿಡಿಭಾಗಗಳದ್ದು. ತಯಾರಾದ ಮಾಲನ್ನು ಅಳೆದು, ಕೂದಲೆಳೆಯಷ್ಟು ತಪ್ಪಿದ್ದರೂ ಕೆಂಪು ಬಣ್ಣ ಬಳಿದು 'ರಿಜೆಕ್ಟ್' ಅನ್ನುವುದು ನನ್ನ ಕೆಲಸ. "ಒಳಗಡೆ ಇರೋದು ಯಾರ್ ನೋಡ್ತಾರೆ ಸಾರ್, ಬಿಟ್ಬಿಡಿ" ಎಂದು ಲೇತ್‌ನವರು ಅಂಗಲಾಚುವರು. "ನಾನು ನೋಡ್ತೀನಲ್ಲ" ಎನ್ನುವೆ. ಹೀಗಾಗಿ ಕ್ಯಾಂಟೀನಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಕೈಕಾಲು ಚಾಚಿಕೊಂಡು ಊಟ ಮಾಡುತ್ತಿದ್ದೆ.

ಆ ಬೇಸಿಗೆಯಲ್ಲಿ ಧಾರವಾಡದಿಂದ ಅತ್ತೆ ಬಂದರು. ಅವರ ತಂಗಿಯ ಮಗಳ ಮದುವೆ ಹತ್ತಿರವಿತ್ತು. ಅಲ್ಲಿಗೆ ನನ್ನ ಹೆಂಡತಿ ಶಾಂತಾ ಉಡಬೇಕಾದ ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕಿ ಮುಗಿಸುವುದು ಅವರ ಸಂಕಲ್ಪ. ತಮ್ಮ ಕೈಕೆಲಸದ ಬಗ್ಗೆ ಅತ್ತೆಗಿದ್ದ ಜಂಬ ಸಣ್ಣದಲ್ಲ. ಗೋಪುರ, ನಂದಿ, ನವಿಲು ಒಂದೊಂದಾಗಿ ಸೆರಗಿನ ಮೇಲೆ ಬಂದು ಕೂರುವುದನ್ನು ನೋಡಿ ನೋಡಿ ಒಂದು ಭಾನುವಾರ ನನ್ನ ನಾಲಿಗೆ ತುರಿಸಿತು. "ಇದೇನ್ ಮಹಾ ಅತ್ತೆ, ನಾನೂ ಹಾಕ್ತೀನಿ" ಎಂದೆ. ಅತ್ತೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ, "ಮಾತಿಗೆ ತಪ್ಪಬ್ಯಾಡ್ರಿ ಮತ್ತ. ಮೂಲ್ಯಾಗ ಒಂದ್ ಆನಿ ನಿಮಗ ಬಿಟ್ಟೇನಿ. ಚಲೋ ಆತಂದ್ರ ಇರತೈತಿ, ಇಲ್ಲಂದ್ರ ಬಿಚ್ಚತೇನಿ" ಎಂದರು. ಆ ಆನೆ ಸೆರಗಿನ ಮೇಲೆ ಉಳಿಯಲೇಬೇಕು ಎಂಬ ಹಟ ಅವತ್ತೇ ಹಿಡಿಯಿತು.

ಮೊದಲು ಹಳೇ ಬಟ್ಟೆಯ ಮೇಲೆ ಅಭ್ಯಾಸ. ಕಾರ್ಖಾನೆಯ ಬುದ್ಧಿ ಎಲ್ಲಿ ಹೋಗುತ್ತದೆ? ಸ್ಟೀಲ್ ಸ್ಕೇಲು, ಚೂಪು ಪೆನ್ಸಿಲ್ಲು ತಂದು ಆನೆಯ ನಕ್ಷೆ ಬರೆದೆ. ಅತ್ತೆ ಹಣೆ ಚಚ್ಚಿಕೊಂಡರು. "ಕಸೂತಿಗೆ ಗೀಟ್ ಹೊಡಿಯೂದಿಲ್ರೀ! ಬಟ್ಟೀ ಎಳಿ ಎಣಿಸ್ಕೋತ ಹೋಗೂದು." ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುತ್ತ ಹೊರಟಲ್ಲಿಗೇ ವಾಪಸು. ಎಲ್ಲೂ ಗಂಟು ಹಾಕುವಂತಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೇ ಕಾಣಬೇಕು. ನನ್ನ ದಾರ ಬಾಲದಿಂದ ಹೊರಟು ಸೊಂಡಿಲು ಮುಟ್ಟಿತು, ಆಮೇಲೆ ವಾಪಸು ಬರುವ ದಾರಿ ತಪ್ಪಿತು. ಹಿಂದುಗಡೆ ಮೆಲ್ಲಗೊಂದು ಗಂಟು ಬಿಗಿದು ಒಪ್ಪಿಸಿದೆ. ಅತ್ತೆ ಆನೆಯ ಮುಖವನ್ನೇ ನೋಡಲಿಲ್ಲ. ಬಟ್ಟೆ ತಿರುವಿ, ಬೆರಳಾಡಿಸಿ, "ಗಂಟು!" ಎಂದರು.

"ಹಿಂದುಗಡೆ ಯಾರ್ ನೋಡ್ತಾರೆ ಅತ್ತೆ, ಬಿಟ್ಬಿಡಿ" ಎಂದೆ.

"ನಾ ನೋಡತೇನಲ್ರೀ! ಏನಂತೀರಿ ನಿಮ್ಮ ಫ್ಯಾಕ್ಟರ್ಯಾಗ? ಹಾಂ, ರಿಜೆಕ್ಟ್!"

ಆ ಪದ ಅವರಿಗೆ ಎಷ್ಟು ರುಚಿಸಿತೆಂದರೆ ಸೊಪ್ಪಿನವಳ ಮೆಂತ್ಯ, ನಾನು ಮಾಡಿದ ಕಾಫಿ, ಕೊನೆಗೆ ಎದುರು ಮನೆಯ ನಾಯಿಯೂ ರಿಜೆಕ್ಟಾಯಿತು.

ನಾನು ಬಗ್ಗುವವನೇ? ಕಂಪನಿ ಬಸ್ಸಿನಲ್ಲೂ ಸೂಜಿ ದಾರ ತೆಗೆದು ಕೂತೆ. "ಏನ್ ಗುರು, ಮನೇಲಿ ತೊಟ್ಟಿಲು ಕಟ್ತೀಯಾ?" ಎಂದು ಹಿಂದಿನ ಸೀಟಿನವನು ಕಿಚಾಯಿಸಿದ. "ಆನೆ ಕಣೋ ಇದು. ನಿಂಗೂ ಕಲಿಸ್ಲಾ?" ಎಂದೆ. ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಆಗಿದ್ದ ಮಹಡಿ ಮನೆಯವರು, "ನಮ್ ಮೆಷಿನ್ನಲ್ಲಿ ಎರಡು ನಿಮಿಷದ ಕೆಲ್ಸ ಸಾರ್" ಎಂದರು. "ನಿಮ್ ಮೆಷಿನ್ನಿಂದು ಹಿಂದುಗಡೆ ತಿರುಗಿಸಿ ತೋರಿಸಿ, ನೋಡೋಣ" ಎಂದು ಬಾಯಿ ಮುಚ್ಚಿಸಿದೆ. ಶಾಂತಾ ಮಾತ್ರ, "ರೀ, ಮಂದಿ ಕೇಳಿದ್ರ ಏನಂತ ಹೇಳ್ಲಿ?" ಎಂದು ಮುಖ ಸಣ್ಣ ಮಾಡಿಕೊಂಡಳು. "ಗಂಡ ಹಾಕಿದ್ದು ಅಂತ ಹೇಳು. ಕದ್ದ ಮಾಲೇನಲ್ಲ" ಎಂದೆ. ಹೊಲಿದೆ, ಬಿಚ್ಚಿದೆ, ಬೆರಳು ಚುಚ್ಚಿಕೊಂಡು ಮತ್ತೆ ಹೊಲಿದೆ. ಕೊನೆಗೊಂದು ದಿನ ಸೀರೆಯ ಮೇಲೇ ಹಾಕಿ ಒಪ್ಪಿಸಿದೆ. ಅತ್ತೆ ಸೆರಗು ತಿರುವಿ ಬೆರಳಾಡಿಸಿದರು. ನಂಬಿಕೆ ಬರದೆ ಇನ್ನೊಮ್ಮೆ ಆಡಿಸಿದರು. "ಇರ್ಲಿ ಬಿಡ್ರಿ" ಎಂದರು. ಪ್ರಮೋಷನ್ ಸಿಕ್ಕಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ.

ಮದುವೆಯ ಊಟದ ಪಂಕ್ತಿಯಲ್ಲಿ ಅತ್ತೆಯ ಓರಗಿತ್ತಿ ಶಾಂತಾಳ ಸೆರಗು ಹಿಡಿದು, "ಆನಿ ಭಾಳ ಚಂದ ಐತಲ್ಲ, ಯಾರ ಕೈದವ್ವಾ?" ಎಂದರು. ಶಾಂತಾ ನನ್ನ ಕಡೆ ನೋಡದೆ, "ಅವ್ವಂದು" ಎಂದುಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಎದುರು ಪಂಕ್ತಿಯಿಂದ ಹೋಳಿಗೆ ಹಿಡಿದೇ ಎದ್ದು, "ಆನೆ ನಂದು!" ಎಂದು ಕೂಗಿದೆ. ಬಡಿಸುವವರು ಹಾಗೇ ನಿಂತರು. ಓರಗಿತ್ತಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಆನೆಯನ್ನು ಮತ್ತೊಮ್ಮೆ ನೋಡಿದರು. "ಹೌದ? ಅದಕ್ಕ ಮತ್ತ, ಹಂದಿ ಕಂಡಂಗ ಕಾಣತೈತಿ" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು.

ಅತ್ತೆ ಎಲೆ ಬಿಟ್ಟು ಎದ್ದು ಬಂದರು. ಸೆರಗು ಕಿತ್ತುಕೊಂಡು ತಿರುವಿ ಆಕೆಯ ಮೂಗಿನ ಮುಂದೆ ಹಿಡಿದು ಗುಡುಗಿದರು: "ಹಂದೀನ ಆಗ್ಲಿ! ಹಿಂದ ಒಂದ್ ಗಂಟ್ ತೋರ್ಸು ನೋಡೋಣು. ನಮ್ಮ ಅಳಿಯಂದ್ರಿಗೆ ನಾ ಕಲಿಸೇನಿ!"

ಆಕೆ ಹುಡುಕಿದರು. ಗಂಟು ಸಿಗಲಿಲ್ಲ. ನಾನು ಎದೆಯುಬ್ಬಿಸಿ ಕೂತು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಆಮೇಲೆ ನವಿಲನ್ನೂ ಕಲಿತೆ, ಇಂದಿಗೂ ಸೂಜಿ ಬಿಟ್ಟಿಲ್ಲ, ಯಾರು ನಕ್ಕರೂ ಬಿಡುವುದಿಲ್ಲ. ಆದರೂ ನಿಮ್ಮ ಹತ್ತಿರ ಮುಚ್ಚುಮರೆಯೇಕೆ? ಅವತ್ತು ಬಾಯಿ ಮುಚ್ಚಿಕೊಂಡು ಉಂಡಿದ್ದರೆ ಅದು ಆನೆಯಾಗಿಯೇ ಇರುತ್ತಿತ್ತು.