ಗಣಿತ ಮಾಷ್ಟ್ರಿಗೆ ಹಳೇಪೇಟೆ ತೋರಿಸಿದ್ದು

ಪರವೂರಿನವರನ್ನು ಕುಂದಾಪುರದ ಹಳೇಪೇಟೆಗೆ ಕರೆದುಕೊಂಡು ಹೋಗಿ, ಏನೂ ಆಗದೆ ಹೋದ ಹಾಗೇ ತಿರುಗಿ ಬಂದೆ ಅನ್ನುವವರನ್ನು ನಾನಂತೂ ಕಂಡಿಲ್ಲ. ಎಂತದಾದರೂ ಒಂದು ಆಗಿಯೇ ಆಗುತ್ತದೆ. ಕೆಲವರು ಇದು ಊರಿನ ದೋಷ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ನಾನು ಹುಟ್ಟಿದ್ದೇ ಆ ಪೇಟೆಯಲ್ಲಿ. ಅಲ್ಲಿ ಏನೇ ಆದರೂ ಅದಕ್ಕೊಂದು ಗತ್ತು ಉಂಟು.

ತೋರಿಸುವ ಕೆಲಸ ನನ್ನ ತಲೆಗೆ ಬಂದದ್ದು

ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ನಾನು ಹೈಸ್ಕೂಲಿನಲ್ಲಿ ಕನ್ನಡ ಮಾಷ್ಟ್ರು. ಗಣಿತಕ್ಕೆ ಜನವೇ ಇರಲಿಲ್ಲ. ಹೆಡ್ಮಾಷ್ಟ್ರು ಒಂದು ದಿನ ನನ್ನನ್ನು ಕರೆದು, "ನೀವ್ ಛಂದಸ್ಸ್ ಕಲಿಸ್ತ್ರಿ ಅಲ್ದಾ? ಅದ್ರಂಗೂ ಲೆಕ್ಕವೇ ಇಪ್ಪುದ್. ಬೀಜಗಣಿತವೂ ನೀವೇ ಕಂಡ್ಕಣಿ" ಅಂದರು.

ಗುರು ಲಘು ಎಣಿಸುವವನ ಕೈಗೆ ಬೀಜಗಣಿತ ಸಿಕ್ಕಿದರೆ ಏನಾಗಬೇಕೋ ಅದೇ ಆಯಿತು. ನಾನು ಬಿಡಿಸಿದ ಲೆಕ್ಕದಲ್ಲಿ ಎಕ್ಸಿನ ಬೆಲೆ ಬೆಳಿಗ್ಗೆ ಒಂದು, ಸಂಜೆಗೆ ಇನ್ನೊಂದು, ಥೇಟ್ ಮೀನು ಪೇಟೆಯ ಹಾಗೆ. ಮಕ್ಕಳು ಪಾಪ, ಎರಡನ್ನೂ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ತರಗತಿಗೆ ತರಗತಿಯೇ ಮಗುಚಿತು. ನನಗೆ ಪೇಟೆಯಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಯಿತು.

ಕಡೆಗೂ ಮೈಸೂರಿನಿಂದ ಒಬ್ಬ ಗಣಿತ ಮಾಷ್ಟ್ರನ್ನು ಹಾಕಿದರು. ಬಂದ ಮನುಷ್ಯ ಟ್ರಂಕಿನ ಬೀಗವನ್ನೇ ತೆಗೆಯಲಿಲ್ಲ. "ಈ ಸೆಕೇಲಿ ಮನುಷ್ಯರು ಇರೋಕ್ಕಾಗಲ್ಲ ಸಾರ್. ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಬಸ್ಸಿಗೆ ಹೊರಟುಬಿಡ್ತೀನಿ" ಅಂದ.

ಹೆಡ್ಮಾಷ್ಟ್ರು ನನ್ನನ್ನು ಬದಿಗೆ ಎಳೆದರು. "ಕಾಣಿ, ನಾಡಿದ್ದಿನೊಳ್ಗೆ ಅವ್ರನ್ನ ಹ್ಯಾಂಗಾರೂ ನಿಲ್ಸ್ಕ್. ಪೇಟೆ ತೋರ್ಸಿ, ಊಟ ಹಾಕ್ಸಿ."

"ನಿಲ್ದಿದ್ರೆ?" ಅಂದೆ.

"ನೀವಿದ್ರಿಯಲೆ" ಅಂದರು.

ಕೋಟೆ ಎಲ್ಲಿ?

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟದ್ದೇ ಅವರನ್ನು ಹೊರಡಿಸಿದೆ. ನಾನು ಅವರಿಗೆ ಮಾಡಿಕೊಟ್ಟ ಕೋಣೆ ಹೊಳೆಬದಿಯಲ್ಲಿ, ಒಂದು ಅಕ್ಕಿ ಮಂಡಿಯ ಮಾಳಿಗೆಯಲ್ಲಿತ್ತು. ಹಾಗಾಗಿ ಹಳೇಪೇಟೆ ಅಂದರೆ ಮೆಟ್ಟಿಲು ಇಳಿದರೆ ಆಯಿತು. ಎರಡೂ ಕಡೆ ಹೆಂಚಿನ ಮನೆಗಳು, ಉದ್ದ ಜಗಲಿಗಳು. ಜಗಲಿ ಮೇಲಿದ್ದವರೆಲ್ಲ "ಇವ್ರ್ ಯಾರ್?" ಅಂತ ಕೇಳುವುದು, ನಾನು ಎದೆ ಉಬ್ಬಿಸಿ "ನಮ್ಮ ಹೊಸ ಗಣಿತ ಮಾಷ್ಟ್ರ್" ಅನ್ನುವುದು. ನಮ್ಮ ಅಂದ ಕೂಡಲೇ ಮಾಷ್ಟ್ರು ಮುಖ ಸಿಂಡರಿಸುತ್ತಿದ್ದರು.

ನಾನು ಇಲ್ಲಿ ಕೋಟೆ ಕಟ್ಟಿದ ಪೋರ್ಚುಗೀಸರಿಂದ ಶುರು ಮಾಡಿ, ಕೆಳದಿಯವರು, ಹೈದರ, ಟಿಪ್ಪು, ಇಂಗ್ಲಿಷರು, ಎಲ್ಲರೂ ಈ ಬಂದರಿಗಾಗಿ ಹೊಡೆದಾಡಿದ್ದನ್ನು ಹೇಳುತ್ತಾ ನಡೆದೆ. ಅವರು ಸುತ್ತ ನೋಡಿ, "ಎಲ್ರೀ ಕೋಟೆ? ಒಂದು ಗೋಡೇನೂ ಕಾಣಲ್ವಲ್ಲ" ಅಂದರು.

ಅಲ್ಲೇ ಒಂದು ಮನೆಯ ಬಾವಿಕಟ್ಟೆ ಹತ್ತಿರ ಅಜ್ಜಿಯೊಬ್ಬರು ದೊಡ್ಡ ಕಲ್ಲಿನ ಮೇಲೆ ಸೀರೆ ಬಡಿಯುತ್ತಿದ್ದರು. "ಇದೇ ಕೋಟೆ ಕಲ್ಲ್. ನಮ್ಮ ಅತ್ತಿ ಕಾಲ್ದಿಂದ ಇಲ್ಲೇ ಇತ್ತ್" ಅಂದರು.

ಮಾಷ್ಟ್ರಿಗೆ ಬೇಸರವಾಯಿತು. "ಅಲ್ಲಮ್ಮಾ, ರಾಜರ ಕೋಟೆ ಕಲ್ಲಿನ ಮೇಲೆ ಬಟ್ಟೆ ಒಗೀತೀರಲ್ಲ?"

ಅಜ್ಜಿ ಸೀರೆ ಹಿಂಡುತ್ತಾ ಹೇಳಿದರು: "ರಾಜರಿಗೆ ಅದನ್ನ ಉಳ್ಸ್ಕಂಬುಕೆ ಆಯಿಲ್ಲ. ನಾನ್ ಉಳ್ಸ್ಕಂಡೆ."

ಧಕ್ಕೆಯಲ್ಲಿ

ದೋಣಿ ತಂಗುವ ಧಕ್ಕೆಗೆ ಹೋದೆವು. ಗಂಗೊಳ್ಳಿಯ ದೋಣಿ ಬಂದು ಜನ ಇಳಿಯುತ್ತಿದ್ದರು. ಹೊಳೆಗಳೆಲ್ಲ ಸೇರಿ ಸಮುದ್ರಕ್ಕೆ ಹೋಗುವುದನ್ನು ನಾನು ಕೈ ಚಾಚಿ ತೋರಿಸಿದೆ. ಮಾಷ್ಟ್ರು ಬೆವರು ಒರೆಸಿಕೊಂಡು, ತಮ್ಮ ಊರಿನ ಅರಮನೆ, ಅದರ ದೀಪ, ಆನೆ, ಬ್ಯಾಂಡು ಎಲ್ಲವನ್ನೂ ಒಂದೇ ಉಸಿರಿಗೆ ವರ್ಣಿಸಿದರು. ಬಲೆ ಬಿಡಿಸುತ್ತಾ ಕೂತಿದ್ದ ಮುದುಕರೊಬ್ಬರು ಪೂರಾ ಕೇಳಿಸಿಕೊಂಡರು.

"ಸಮುದ್ರ ಇತ್ತಾ ಅಲ್ಲ್?" ಅಂತ ಕೇಳಿದರು.

"ಇಲ್ಲ."

ಮುದುಕರ ಮುಖದಲ್ಲಿ ನಿಜವಾದ ಕನಿಕರ ಬಂತು. "ಇರ್ಲಿ ಬಿಡಿ. ಇಲ್ಲಿಗ್ ಬಂದ್ರಿಯಲೆ" ಅಂದರು.

ಊಟ ನಿಲ್ಲಿಸುವ ವಿದ್ಯೆ

ಭಾನುವಾರ ಅವರನ್ನು ಪೇಟೆಯ ಭಟ್ಟರ ಹೋಟೆಲಿಗೆ ಊಟಕ್ಕೆ ಕರೆದುಕೊಂಡು ಹೋದೆ. ಇಲ್ಲಿ ನನಗೆ ಪೂರ್ತಿ ಧೈರ್ಯ ಇತ್ತು. ಹೋಟೆಲು ಇಟ್ಟು ಮುಂಬಯಿಗೆ ಮುಂಬಯಿಯನ್ನೇ ಊಟಕ್ಕೆ ಕೂರಿಸಿದವರು ನಮ್ಮ ಕಡೆಯವರು. ಮೈಸೂರಿನ ಒಂದು ಹೊಟ್ಟೆ ಯಾವ ಲೆಕ್ಕ? ಭಟ್ಟರಿಗೆ ಮೊದಲೇ ಹೇಳಿದ್ದೆ, ಊರಿನ ಮಾನ ನಿಮ್ಮ ಸೌಟಿನಲ್ಲಿ ಉಂಟು ಅಂತ.

ಬಾಳೆಲೆ ಬಂತು. ಕುಚ್ಚಲಕ್ಕಿ ಅನ್ನ, ಮೊದಲು ಸಾರು, ಆಮೇಲೆ ಸೌತೆಕಾಯಿ ಹುಳಿ, ಮಾವಿನ ಮಿಡಿ, ಹಲಸಿನ ಹಪ್ಪಳ. ಕೆಂಪು ಅನ್ನ ಕಂಡು ಮಾಷ್ಟ್ರು ಹೆದರಿದರು. ಹುಳಿ ಬಾಯಿಗೆ ಹೋದ ಮೇಲೆ ಕೈ ನಿಲ್ಲಲಿಲ್ಲ. ನಾನು ಓರೆಗಣ್ಣಲ್ಲಿ ನೋಡಿ ಖುಷಿಪಟ್ಟೆ.

ನಮ್ಮಲ್ಲಿ ಒಂದು ಕ್ರಮ. ಊಟ ಸಾಕಾದರೆ ಮುಂದೆ ಬಾಗಿ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯಬೇಕು. ಬಾಯಲ್ಲಿ ಸಾಕು ಅನ್ನುವುದು ಮರ್ಯಾದೆಗೆ ಹೇಳುವ ಮಾತು, ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಾಷ್ಟ್ರು ಸಾಕು ಅಂದವರೇ ಕೈ ಮೇಲೆತ್ತಿ ಹಿಂದಕ್ಕೆ ವಾಲಿದರು. ನಮ್ಮಲ್ಲಿ ಹಿಂದೆ ವಾಲಿದರೆ ಬಡಿಸುವವರಿಗೆ ಜಾಗ ಕೊಟ್ಟ ಹಾಗೆ. ಭಟ್ಟರು ಇನ್ನಷ್ಟು ಹಾಕಿದರು. ಅವರು ಗಾಬರಿಯಾಗಿ ಇನ್ನೂ ಹಿಂದೆ ವಾಲಿದರು. ಭಟ್ಟರು ಸಂತೋಷದಿಂದ ಮತ್ತೂ ಹಾಕಿದರು. ಎಲೆಯಲ್ಲಿ ಬಿಡುವುದು ಮಾಷ್ಟ್ರ ಜಾಯಮಾನವಲ್ಲ, ಬಡಿಸಿದ್ದನ್ನೆಲ್ಲ ಉಣ್ಣುತ್ತಲೇ ಹೋದರು. ನಾನು ಹೇಳಿಕೊಡಬಹುದಿತ್ತು. ಆದರೆ ಅಷ್ಟು ಉಂಡವರು ಘಟ್ಟದ ಬಸ್ಸಿನ ಯೋಚನೆ ಬಿಡಬಹುದು ಅಂತ ಒಂದು ಆಸೆ.

ಪಾಯಸ ಬರುವಾಗ ಅವರ ಬೆನ್ನು ಗೋಡೆಗೆ ತಾಗಿತ್ತು. "ಸ್ವಾಮಿ, ನಿಮ್ಮೂರಲ್ಲಿ ಊಟ ನಿಲ್ಲಿಸೋದು ಹೇಗೆ?" ಅಂದರು.

ಭಟ್ಟರು ಇನ್ನೊಂದು ಸೌಟು ಪಾಯಸ ಹಾಕಿದರು. "ಅದನ್ನ ಇಷ್ಟ್ ವರ್ಷ ಯಾರೂ ಕೇಂಡದ್ದಿಲ್ಲ" ಅಂದರು.

ಸೋಮವಾರದ ಬಸ್ಸು

ಇಷ್ಟಾದರೂ ಸೋಮವಾರ ಬೆಳಿಗ್ಗೆ ಮನುಷ್ಯ ಟ್ರಂಕು ಹಿಡಿದು ಹೊರಟೇ ಬಿಟ್ಟರು. ಬಸ್ಸಿಗೆ ಬಿಡಲು ನಾನೂ ಹೋದೆ. ಸುಳ್ಳು ಯಾಕೆ, ನನಗೆ ಅಳು ಬರುವ ಹಾಗಾಗಿತ್ತು. ಎಕ್ಸು ವೈಗಳು ಕಣ್ಣಿಗೆ ಕಟ್ಟುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ನನ್ನ ಊರು ನೋಡಿಯೂ ಒಬ್ಬ ಬಿಟ್ಟು ಹೋಗುತ್ತಿದ್ದಾನಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಹಳೇಪೇಟೆಯ ಬೀದಿಯಲ್ಲೇ ಹೋಗಬೇಕು, ಬೇರೆ ದಾರಿ ಇಲ್ಲ. ಬಲಗಡೆಯ ಮೊದಲನೇ ಜಗಲಿಯಿಂದಲೇ ಕರೆ ಬಂತು. "ಹ್ವಾಯ್ ಮಾಷ್ಟ್ರೆ, ಒಳ್ಗ್ ಬನಿ. ನಮ್ಮ ಮಾಣಿಗೆ ಲೆಕ್ಕ ಹೇಳಿಕೊಡುವವ್ರ್ ನೀವೇ ಅಲ್ದಾ?"

ಹಿರಿಯ ಹೆಂಗಸು ಕರೆದಾಗ ಹೋಗದೆ ಇರುವುದು ಹೇಗೆ? ಹೋದರು. ಬೆಲ್ಲ ನೀರು ಬಂತು. ಮನೆಗೆ ಯಾರು ಬಂದರೂ ನಾವು ಮೊದಲು ಕೊಡುವುದು ಅದೇ. ಬೆಲ್ಲ ಒಂದು ಚೂರು ಚಿವುಟಿ ಬಾಯಿಗೆ ಹಾಕಿ, ಒಂದು ಗುಟುಕು ನೀರು ಕುಡಿದು, ಉಳಿದದ್ದನ್ನು ಹಾಗೇ ಬಿಡುವುದು. ಮಾಷ್ಟ್ರಿಗೆ ಅದು ಗೊತ್ತಿಲ್ಲ. ಕೊಟ್ಟದ್ದನ್ನು ಬಿಡಬಾರದು ಅಂತ ಬೆಲ್ಲದ ಅಚ್ಚು ಪೂರಾ ತಿಂದು, ಚೊಂಬು ಖಾಲಿ ಮಾಡಿದರು.

"ಅಯ್ಯ, ಎಷ್ಟ್ ಬಾಯಾರ್ಕಿ ಆಯಿತ್ತ್ ಪಾಪ" ಅಂತ ಆಯಮ್ಮ ಇನ್ನೊಂದು ಚೊಂಬು ತಂದರು. ಅದೂ ಖಾಲಿ.

ಹೊರಗೆ ಬಂದರೆ ಪಕ್ಕದ ಮನೆಯವರು ಕಾಯುತ್ತಿದ್ದರು. "ಅಲ್ಲ್ ಕುಡ್ದ್ರಿ, ನಮ್ಮನಿ ಬೆಲ್ಲ ಸಿಹಿ ಇಲ್ದಾ?" ಅಲ್ಲೂ ಹೋದರು. ಅದರಾಚೆ ಮನೆಯವರು ಅಷ್ಟರಲ್ಲಿ ಮಣೆ ಹಾಕಿಯೇ ಆಗಿತ್ತು. ಹೀಗೇ ಬಲಗಡೆಯ ಸಾಲು ಪೂರಾ ಸಾಗಿತು. ನಾನು ಯಾರಿಗೂ ಏನೂ ಹೇಳಿಕೊಟ್ಟಿರಲಿಲ್ಲ, ಆಣೆ. ನನ್ನ ಊರು ತಾನಾಗಿ ಮಾಡಿದ ಕೆಲಸ ಇದು.

ದೂರದಲ್ಲಿ ಬಸ್ಸು ಹಾರನ್ ಹೊಡೆಯಿತು. ಕಡೆಗೆ ಕಂಡಕ್ಟರೇ ಹುಡುಕಿಕೊಂಡು ಬಂದ. ಅವನನ್ನೂ ಕೂರಿಸಿ ಬೆಲ್ಲ ನೀರು ಕೊಟ್ಟರು. ಅವನು ಊರಿನವ, ಚೂರು ಚಿವುಟಿ, ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಎದ್ದ. ಮಾಷ್ಟ್ರು ಇನ್ನೂ ಅರ್ಧ ಅಚ್ಚು ಅಗಿಯುತ್ತಿದ್ದರು. ಬಸ್ಸು ಹೋಯಿತು.

ಮಾಡುವುದೇನು? ಟ್ರಂಕು ಜಗಲಿಯಲ್ಲಿಟ್ಟು ಶಾಲೆಗೆ ಬಂದರು. ಸುಮ್ಮನೆ ಕೂತು ಬೇಸರವಾಗಿ ಒಂದು ತರಗತಿಗೆ ಹೋದರು. ನಾನು ಗೋಡೆಯಾಚೆಯಿಂದ ಕೇಳಿದೆ. ಎಕ್ಸು ಪ್ರತಿ ಸಲವೂ ಒಂದೇ ಉತ್ತರಕ್ಕೆ ಬಂದು ನಿಲ್ಲುತ್ತಿತ್ತು.

ಸಂಜೆ ಅಳುಕುತ್ತಾ ಹೇಳಿದೆ, "ನಾಳೆ ಬೆಳಿಗ್ಗೆಯೂ ಬಸ್ಸು ಉಂಟು."

"ಹೇಗ್ರೀ ಹೋಗೋದು?" ಅಂದರು. "ಬಲಗಡೆ ಸಾಲು ಮಾತ್ರ ಮುಗಿದಿದೆ. ಎಡಗಡೆಯವರೆಲ್ಲ ಜಗಲೀಲಿ ನಿಂತು ನೋಡ್ತಾ ಇದ್ರು. ಅವರು ಏನಂದ್ಕೊಳ್ಳಲ್ಲ?"

ಆ ಬಸ್ಸನ್ನು ಅವರು ಹತ್ತಿದ್ದು ಬೇಸಿಗೆ ರಜೆಯಲ್ಲಿ, ಹೆಂಡತಿ ಮಕ್ಕಳನ್ನು ಕರೆತರಲು. ಘಟ್ಟ ಇಳಿಯುವಾಗ ಹೆಂಡತಿಗೆ ಒಂದೇ ಪಾಠ ಹೇಳಿಕೊಟ್ಟರಂತೆ: "ನೋಡು, ಅಲ್ಲಿ ಬೆಲ್ಲ ಚಿವುಟಬೇಕು ಅಷ್ಟೇ. ಏನೇ ಆದ್ರೂ ಚೊಂಬು ಮಾತ್ರ ಖಾಲಿ ಮಾಡ್ಬೇಡ."