ಗೌರಿ ತಿಂದ ಕೊನೆಯ ಅಧ್ಯಾಯ

ಎಲ್ಲಕ್ಕೂ ಕಾರಣ ಒಂದು ಚಿಪ್ಪು ಮೈದಾ ಅಂಟು. ಕಾಯಿಸಿದವನು ಮುನಿಸ್ವಾಮಪ್ಪ, ಬಳಿದವನೂ ಅವನೇ. ಹಾಗಾಗಿ ಬೇರೆ ಯಾರನ್ನೂ ಬಯ್ಯುವಂತಿರಲಿಲ್ಲ. ಹಸುವನ್ನು ಬಯ್ದ.

ಮುನಿಸ್ವಾಮಪ್ಪ ಬಂಗಾರಪೇಟೆ ಪಕ್ಕದ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಸೆಕ್ರೆಟರಿ. ಎಂಬತ್ತಾರನೇ ಇಸವಿಯ ಮಾತು. ಊರಿನ ಅರ್ಧ ಹಾಲು ಆಂಡರ್ಸನ್‌ಪೇಟೆಯ ಟೀ ಅಂಗಡಿ ಪೆರುಮಾಳ್‌ನ ಸೈಕಲ್ ಹತ್ತಿ ಹೋಗುತ್ತಿತ್ತು. ಪೆರುಮಾಳ್ ಬೆರಳದ್ದಿ ನೆಕ್ಕಿ ‘ಸೂಪರ್’ ಅನ್ನುವ ಆಸಾಮಿ. ಮುನಿಸ್ವಾಮಪ್ಪನೋ ಹಾಲಿಗೆ ಡಿಗ್ರಿ ಕಡ್ಡಿ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ನೀರಿದ್ದರೆ ನೀರಿದೆ ಅಂತ ಮುಖದ ಮೇಲೇ ಹೇಳುತ್ತಿದ್ದ. ಇಂಥವನ ಹತ್ತಿರ ಯಾರು ಬರುತ್ತಾರೆ ಹೇಳಿ?

ದಿನಕ್ಕೆ ನೂರು ಲೀಟರ್ ಆಗದಿದ್ದರೆ ಡೈರಿಗೆ ಬೀಗ ಅಂತ ಹಾಲು ಒಕ್ಕೂಟದ ಆಫೀಸರು ಹೇಳಿ ಹೋದ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. ‘ಒಂಟಿಕೊಂಬಿನ ಬಸವ’ ಅನ್ನುವ ಹಳೇ ಕಾದಂಬರಿಯನ್ನು ಲೈಬ್ರರಿಯಿಂದ ತಂದು, ಬೆಳಗ್ಗೆ ಬೆಳಗ್ಗೆ ಡೈರಿಯಲ್ಲಿ ದಿನಕ್ಕೊಂದು ಅಧ್ಯಾಯ ಓದತೊಡಗಿದ. ಕಟುಕನ ಕೈಯಿಂದ ತಪ್ಪಿಸಿಕೊಂಡ ಎತ್ತೊಂದು ಕಾಡು, ಹೊಳೆ, ಚಿರತೆ ಎಲ್ಲ ದಾಟಿ ತನ್ನ ಯಜಮಾನನ ಮನೆಗೆ ನಡೆದು ಬರುವ ಕತೆ ಅದು. ಕೈಯಲ್ಲಿ ಹಾಲಿನ ಪಾತ್ರೆ ಇದ್ದವರಿಗಷ್ಟೇ ಒಳಗೆ ಜಾಗ. ಮೊದಲು ಕತೆ, ಆಮೇಲೆ ಅಳತೆ. ಇಪ್ಪತ್ತೇ ದಿನಕ್ಕೆ ಅರವತ್ತು ಲೀಟರ್ ಹಾಲು ನೂರು ದಾಟಿತು.

ನಿನ್ನೆ ಬಸವ ಊರ ಹತ್ತಿರವೇ ಬಂದು, ಪಾಳುಬಿದ್ದ ಗಣಿ ಗುಂಡಿಯೊಳಗೆ ಬಿದ್ದಿತ್ತು. ಮೇಲೆ ಯಜಮಾನನ ಕೆಮ್ಮು ಕೇಳಿಸಿತು. ಬಸವ ತಲೆಯೆತ್ತಿತು. ಅಲ್ಲಿಗೆ ಅಧ್ಯಾಯ ಮುಗಿದಿತ್ತು. ಇವತ್ತು ಕೊನೆಯದು. ಇವತ್ತೇ ಆಫೀಸರು ಬರುವ ದಿನ ಕೂಡ.

ಪುಸ್ತಕದ ಕೊನೆಯ ಹಾಳೆಗಳು ಸಡಿಲವಾಗಿದ್ದವು. ಮುಂದಿನದನ್ನು ಓದಿಬಿಟ್ಟರೆ ಸಪ್ಪೆಯಾಗುತ್ತದೆ ಅಂತ ಮುನಿಸ್ವಾಮಪ್ಪ ಮುಖ ಆಚೆ ತಿರುಗಿಸಿಕೊಂಡೇ ಅವನ್ನು ಅಂಟಿಸಿ, ಒಣಗಲಿ ಅಂತ ಕೊಟ್ಟಿಗೆಯ ಕಿಟಕಿಯಲ್ಲಿಟ್ಟಿದ್ದ. ಬೆಳಗ್ಗೆ ನೋಡಿದರೆ ಆ ಹಾಳೆಗಳಿದ್ದ ಜಾಗದಲ್ಲಿ ಹಿಂದಿನ ರಟ್ಟು ಮಾತ್ರ ಉಳಿದಿದೆ, ಗೌರಿ ಮೆಲುಕು ಹಾಕುತ್ತಿದ್ದಾಳೆ.

“ಅಯ್ಯೋ ನಿನ್ ಮನೆ ಹಾಳಾಗ!” ಎಂದ.

“ಅದ್ರ ಮನೇನೂ ಇದೇ ಅಲ್ವಾ?” ಎಂದಳು ಹೆಂಡತಿ ಆದಿಲಕ್ಷ್ಮಮ್ಮ. “ಮೈದಾ ವಾಸ್ನೆಗೆ ಸಿನಿಮಾ ಪೋಸ್ಟರ್ ಅಂದ್ಕೊಂಡೈತೆ. ಓಗಿ, ನೀವೇ ಒಂದು ಕೊನೆ ಏಳ್ಬಿಡಿ. ಬಸ್ವ ಬಂದು ಸಾಕ್ಷಿ ಏಳ್ತೈತಾ?”

ಡೈರಿ ತುಂಬ ಜನ. ಬಾಗಿಲಾಚೆ ಪೆರುಮಾಳ್ ಸೈಕಲ್ಲಿಗೆ ಒರಗಿಕೊಂಡು, ಮೂರು ಮನೆಯ ಹಾಲನ್ನು ಆಗಲೇ ಕ್ಯಾನಿಗೆ ತುಂಬಿಸಿಕೊಂಡು ನಿಂತಿದ್ದ. ಆಫೀಸರು ಕುರ್ಚಿಯಲ್ಲಿ ಕೂತು ಪುಸ್ತಕ ನೋಡಿದ್ದೇ ತಡ, “ಓಹೋ, ಬಸವ! ಓದಿ, ಓದಿ” ಅಂತ ಕಣ್ಣು ಮುಚ್ಚಿದರು.

ಎರಡು ಎಮ್ಮೆಯ ಒಡತಿ ವೆಂಕಟರತ್ನಮ್ಮ ಮುಂದೆ ಬಂದಳು. “ಏಯ್ ಮುನಿಸಾಮಪ್ಪ, ಬಸ್ವ ಏನಾರಾ ಸತ್ತೋದ್ರೆ ನನ್ ಎಂಟ್ ಲೀಟ್ರು ಆಲು ಪೆರುಮಾಳ್ಗೇ! ಈಗ್ಲೇ ಏಳಿವ್ನಿ.”

“ಬದುಕ್ತು ಅಂದ್ರೆ ನನ್ ಆಲು ಪೆರುಮಾಳ್ಗೆ” ಎಂದ ಕೋದಂಡಪ್ಪ. ಉರಿಗಾಂ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ದುಡಿದು ಬಂದವನು. “ಅಂಥಾ ಗುಂಡೀಗ್ ಬಿದ್ದಿದ್ದು ಬದುಕ್ತದಾ? ಸುಳ್ಳು ಬರೆದ್ರೆ ಒಪ್ಪಾಕಾಯ್ತದಾ?”

ಮುನಿಸ್ವಾಮಪ್ಪ ಬೋಳು ರಟ್ಟನ್ನು ಮುಖಕ್ಕೆ ಹತ್ತಿರ ಹಿಡಿದು, “ಯಜಮಾನ ಹಗ್ಗ ಇಳಿಬಿಟ್ಟ. ನಾಲ್ಕು ಜನ ಸೇರಿ ಎಳೆದರು” ಅಂತ ಶುರುಮಾಡಿದ.

“ನಾಕ್ ಜನ? ಎತ್ತೇನು ಬುಟ್ಟೀನಾ?” ಕೋದಂಡಪ್ಪ ಎದ್ದೇಬಿಟ್ಟ. “ರಾಟೆ ಎಲ್ಲೈತೆ?”

“ಆಗ ಒಂದು ರಾಟೆ ತಂದರು” ಎಂದು ಓದಿದ ಮುನಿಸ್ವಾಮಪ್ಪ.

“ಕಬ್ಬಿಣದ ಅಗ್ಗಾನಾ?”

“ಕಬ್ಬಿಣದ್ದೇ. ಗಣಿಯಲ್ಲಿ ಮೂವತ್ತು ವರ್ಷ ದುಡಿದ ಒಬ್ಬ ಹಿರಿಯ ತಾನೇ ಗುಂಡಿಗಿಳಿದು, ಬಸವನ ಹೊಟ್ಟೆಗೆ ಗೋಣಿ ಸುತ್ತಿ ಹಗ್ಗ ಬಿಗಿದ.”

ಕೋದಂಡಪ್ಪ ನಿಧಾನಕ್ಕೆ ಕೂತ. “ಅಂಗೆ ಏಳು ಮತ್ತೆ. ಬರೆದೋನು ತಿಳಿದೋನೇ.”

“ಕಟುಕ ಏನಾದ?” ಎಂದಳು ವೆಂಕಟರತ್ನಮ್ಮ. ಕಟುಕ ಅದೇ ಗುಂಡಿಗೆ ಬಿದ್ದ. “ಅವನ್ನ ಮೇಲಕ್ಕೆ ಎತ್ಬೇಡ!” ಎತ್ತಲಿಲ್ಲ. “ಬಸ್ವನ ಜೊತೇಲಿದ್ದ ಕೆಂಪಿ?” ಎಂದಳು ಮೂಲೆಯಿಂದ ಅಮ್ಮಾಜಮ್ಮ. ಕೆಂಪಿ ಕರು ಹಾಕಿತು. ಸಾಲದು ಅನ್ನಿಸಿ ಇನ್ನೊಂದು ಹಾಕಿತು. ಮುನಿಸ್ವಾಮಪ್ಪನಿಗೆ ಹುಮ್ಮಸ್ಸು ಬಂದು, ಕಣ್ಣು ಕಾಣದ ಯಜಮಾನಿ ಬಸವನ ಒಂಟಿ ಕೊಂಬನ್ನು ತಡವಿ, “ಬಂದ್ಯಾ ಮಗನೇ” ಅಂದಳು ಅಂತಲೂ ಓದಿ ಪುಸ್ತಕ ಮುಚ್ಚಿದ.

ಡೈರಿಯೆಲ್ಲ ಮೂಗು ಸೀಟುವ ಸದ್ದು. ಪೆರುಮಾಳ್ ಟವೆಲ್ಲಲ್ಲಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದು, “ಅಯ್ಯೋ ಸಾಮಿ, ಇವತ್ತು ನನ್ನ ಹಾಲೂ ನಿಮ್ದೇ!” ಅಂತ ಕ್ಯಾನನ್ನೇ ತಂದಿಟ್ಟ. ಕಣ್ಣಳತೆಗೇ ನೂರಲ್ಲ, ನೂರಿಪ್ಪತ್ತು ಲೀಟರ್! ಮುನಿಸ್ವಾಮಪ್ಪ ಡಿಗ್ರಿ ಕಡ್ಡಿಯನ್ನು ಪಂಚೆಯಲ್ಲಿ ಒರೆಸಿಕೊಂಡು ಅಳತೆಗೆ ಎದ್ದ. ಡೈರಿ ಉಳಿದಿತ್ತು, ಅವನ ಕೆಲಸವೂ ಉಳಿದಿತ್ತು.

ಆಫೀಸರು ಕಣ್ಣು ತೆರೆದರು. “ಕೊಡಿ ಇಲ್ಲಿ” ಅಂತ ಪುಸ್ತಕ ತೆಗೆದುಕೊಂಡು, ಮಗುಚಿ ನೋಡಿ, ಗಹಗಹಿಸಿ ನಕ್ಕರು.

“ಮುನಿಸ್ವಾಮಪ್ಪನೋರೇ, ಇದನ್ನ ಹದಿನಾಲ್ಕು ಸಲ ಓದಿದ್ದೀನಿ ನಾನು. ‘ಬಸವ ತಲೆಯೆತ್ತಿತು’ ಅನ್ನೋದೇ ಕೊನೆ ಮಾತು. ಕತೆ ನಿನ್ನೆಗೇ ಮುಗಿದಿದೆ! ಬದುಕ್ತೋ ಸತ್ತಿತೋ ಅಂತ ಓದಿದೋರೆಲ್ಲ ನಲವತ್ತು ವರ್ಷದಿಂದ ಜಗಳ ಆಡ್ತಿದ್ದಾರೆ. ಇದೇ ವಿಷಯಕ್ಕೆ ನನ್ನ ಹೆಂಡತಿ ಎರಡು ದಿನ ನನ್ನ ಹತ್ರ ಮಾತು ಬಿಟ್ಟಿದ್ದಳು. ಕೊನೇ ಹಾಳೆಗಳಲ್ಲಿ ಇದ್ದದ್ದು ಪ್ರಕಾಶಕರ ಬೇರೆ ಪುಸ್ತಕಗಳ ಪಟ್ಟಿ, ಅಷ್ಟೆ.”

ಗೌರಿ ತಿಂದದ್ದು ಬರೀ ಪಟ್ಟಿ!

ಆಫೀಸರು ಪಾಪ, ಹೊಗಳುವ ಉತ್ಸಾಹದಲ್ಲಿ ರಟ್ಟನ್ನು ಎಲ್ಲರಿಗೂ ಎತ್ತಿ ತೋರಿಸಿದರು. “ನೋಡಿ, ಒಂದಕ್ಷರ ಇಲ್ಲ! ಇದನ್ನ ನೋಡ್ಕೊಂಡು ಅರ್ಧ ಗಂಟೆ ಓದಿದ್ರಲ್ಲ, ಭೇಷ್!”

ವೆಂಕಟರತ್ನಮ್ಮ ರಟ್ಟು ನೋಡಿದಳು, ಮುನಿಸ್ವಾಮಪ್ಪನ ಮುಖ ನೋಡಿದಳು, ಆಮೇಲೆ ಅವನ ಕೈಯಲ್ಲಿದ್ದ ಕಡ್ಡಿ ನೋಡಿದಳು.

“ಅಂದ್ರೆ, ಏನೂ ಇಲ್ದಿರೋ ಜಾಗ ನೋಡ್ಕೊಂಡು ಎಲ್ಲಾ ಐತೆ ಅಂತ ಕಣ್ ಪಿಳುಕಿಸ್ದೆ ಏಳ್ದೆ” ಎಂದಳು. “ಓದ್ ತಿಂಗ್ಳು ಒಂದ್ ಕಣ್ ಮುಚ್ಕೊಂಡು ನನ್ ಆಲ್ನಾಗೆ ನೀರೈತೆ ಅಂದ್ಯಲ್ಲಾ, ಅದ್ನೂ ಇಂಗೇ ನೋಡಿದ್ದಾ?”

“ಅಕ್ಕಾ, ದೇವ್ರಾಣೆ, ನೀರಿತ್ತು...”

“ನಂದ್ರಲ್ಲೂ ಐತೆ ಅಂದಿದ್ದ!” ಎಂದ ಕೋದಂಡಪ್ಪ. ಅಮ್ಮಾಜಮ್ಮ ಸದ್ದಿಲ್ಲದೆ ಚೊಂಬೆತ್ತಿಕೊಂಡಳು. ಪಾತ್ರೆಗಳೆಲ್ಲ ಒಂದೊಂದಾಗಿ ಬಾಗಿಲು ದಾಟಿದವು. ಪೆರುಮಾಳ್ ತನ್ನ ಕ್ಯಾನನ್ನು ಮೆಲ್ಲಗೆ ಎಳೆದುಕೊಂಡು ಹೋಗಿ, ಎಲ್ಲರ ಹಾಲಿಗೂ ಬೆರಳದ್ದಿ, “ಸೂಪರ್! ಸೂಪರ್!” ಅನ್ನತೊಡಗಿದ.

ಡೈರಿಯಲ್ಲಿ ಉಳಿದದ್ದು ಗೌರಿಯ ಎರಡು ಲೀಟರ್. ಆಫೀಸರು ಜೇಬಿನಿಂದ ಬೀಗ ತೆಗೆದರು.

ಮುನಿಸ್ವಾಮಪ್ಪ ತಲೆ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕೂತ. ಆಗ ಪೆರುಮಾಳ್‌ನ ಸೈಕಲ್ ಪಕ್ಕದಿಂದ ವೆಂಕಟರತ್ನಮ್ಮ ಕೂಗಿದಳು:

“ಏಯ್ ಮುನಿಸಾಮಪ್ಪ! ನಾಳೆಯಿಂದ ಇಲ್ಲೇ ಬಂದ್ಬಿಡು. ಕೆಂಪಿ ಎರಡು ಕರು ಆಕ್ತಲ್ಲಾ, ಅವು ಏನಾದ್ವು ಅಂತ ನೀನೇ ಏಳ್ಬೇಕು. ಕಡ್ಡಿ ಮಾತ್ರ ತರ್ಬೇಡ!”